ಪರದೆಯ ಈಚೆ ಒಂದು ಬೈ ಟೂ

ಎಡೆಗೆ ಏನೇನು ಇಡಬೇಕು ಎಂದು ಕೇಳಲು ನಮ್ಮ ಮೇಡಂ ಅವರ ಅಣ್ಣನ ಮಗ ಫೋನ್ ಮಾಡಿದ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಹನ್ನೊಂದನೆಯ ದಿನ ಬಾಳೆಯೆಲೆಯ ಮೇಲೆ ಬಡಿಸಿ, ಫೋಟೋದ ಮುಂದಿಟ್ಟು, ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಕೋಣೆಯ ಬಾಗಿಲು ಮುಚ್ಚುವುದು ನಮ್ಮ ಕಡೆಯ ರೂಢಿ. "ಅತ್ತೆಗೆ ಏನಿಷ್ಟ ಅಂತ ನಿಮಗೇ ಗೊತ್ತಿರ್ಬೇಕು ಆಂಟಿ," ಎಂದ. ನನಗೆ ಮೈಯೆಲ್ಲ ಉರಿಯಿತು. ಒಂದೇ ಊರಿನಲ್ಲಿದ್ದ ಸೋದರತ್ತೆಗೆ ಏನಿಷ್ಟ ಎಂದು ವಿಚಾರಿಸಲು ಆಕೆ ಸಾಯಬೇಕಾಯಿತೇನಪ್ಪ ಎಂದು ಕೇಳಬೇಕೆನ್ನಿಸಿತು. ಸಾವಿನ ಮನೆ, ಬಾಯಿ ಮುಚ್ಚಿಕೊಂಡೆ. ಕಾಫಿ ಇಡು, ಆದರೆ ತುಂಬಿದ ಲೋಟ ಇಡಬೇಡ, ಬೈ ಟೂ ಇಡು ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕು ಫೋನ್ ಇಟ್ಟ.

ನಾನೇನೂ ತಮಾಷೆ ಮಾಡಿರಲಿಲ್ಲ. ಅವರು ತುಂಬಿದ ಲೋಟದಲ್ಲಿ ಒಬ್ಬರೇ ಕೂತು ಕಾಫಿ ಕುಡಿದದ್ದನ್ನು ನಾನಂತೂ ನೋಡಿಲ್ಲ.

ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿದರೆ ಎದ್ದು ಬಂದು ಬೈಯುವ ಪೈಕಿ ಅವರು. ಚನ್ನಪಟ್ಟಣದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಲೆಕ್ಕದ ಮೇಡಂ, ನಾನು ಕನ್ನಡದವಳು. ಕಂಚಿ ಅಂಚಿನ ಹತ್ತಿ ಸೀರೆ, ಮೊಣಕೈಗೆ ನೇತುಹಾಕಿದ ಛತ್ರಿ, ಡಯಲ್ಲು ಒಳಮುಖವಾಗಿ ಕಟ್ಟಿದ ವಾಚು, ಮೂರು ರೂಮಿನಾಚೆಗೂ ಕೇಳಿಸುವ ಗಂಟಲು. ಒಳ್ಳೆಯವರು ಎಂದು ಸುಮ್ಮನೆ ಬರೆದುಬಿಟ್ಟರೆ ಸುಳ್ಳಾಗುತ್ತದೆ. ಮಗ್ಗಿ ತಪ್ಪಿದವರಿಗೆ ಸ್ಕೇಲಿನಲ್ಲಿ ಬಾರಿಸುತ್ತಿದ್ದರು. ಯಾರ ಹತ್ತಿರವೂ ಸಾರಿ ಅಂದವರಲ್ಲ. ಗೃಹಪ್ರವೇಶಕ್ಕೆ ಹೋದ ಮನೆಯಲ್ಲಿ ಕೊಟ್ಟ ಕಾಫಿಯನ್ನು ಮೂಸಿ ನೋಡಿ, "ಇದನ್ನ ಯಾರು ಮಾಡಿದ್ರೋ ಅವರಿಗೇ ಮೊದಲು ಕುಡಿಸು" ಎಂದು ತಟ್ಟೆಯ ಮೇಲೇ ವಾಪಸ್ ಇಟ್ಟವರು. ಪಕ್ಕದಲ್ಲಿ ನಿಂತ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ನಾನು ಮಾಗಡಿಯಿಂದ ಬಂದು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, "ಬಾರೇ, ಕಾಫಿ ಕುಡಿಯೋಣ," ಎಂದರು. ಮನೆಗೆ ಕರೆಯುತ್ತಿದ್ದಾರೆ ಎಂದುಕೊಂಡೆ. ನೆಟ್ಟಗೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ನಡೆದರು. ಆಗ ಹೆಂಗಸರು ಹೋಟೆಲಿಗೆ ಹೋಗುವುದೇ ಕಡಿಮೆ. ಹೋದರೂ ಗಂಡನ ಹಿಂದೆ, ಅದೂ ಒಳಗಡೆ 'ಫ್ಯಾಮಿಲಿ ರೂಮ್' ಎಂದು ಬರೆದಿದ್ದ ಗೂಡಿಗೆ. ಅದಕ್ಕೊಂದು ಹಸಿರು ಪರದೆ. ಅದರ ಅಂಚಿಗೆ ಕೈ ಒರೆಸಿ ಒರೆಸಿ ಪರದೆ ಕಪ್ಪಗಾಗಿತ್ತು. ಒಳಗೆ ತಿರುಗದ ಫ್ಯಾನು, ಪಕ್ಕದಲ್ಲೇ ಕೈ ತೊಳೆಯುವ ಜಾಗ. ಮಾಣಿ ಹೊರಗಿನವರಿಗೆಲ್ಲ ಕೊಟ್ಟು ಮುಗಿಸಿದ ಮೇಲೆ ಅಲ್ಲಿಗೆ ಬರುತ್ತಿದ್ದ. ಅಷ್ಟು ಹೊತ್ತಿಗೆ ಕಾಫಿ ಆರಿ ತಣ್ಣಗಾಗಿರುತ್ತಿತ್ತು.

ಮೇಡಂ ಪರದೆ ಎತ್ತಿ ಒಳಗೆ ಇಣುಕಿದರು. ಮೂಗು ಸಿಂಡರಿಸಿ ಈಚೆಗೆ ಬಂದು, ಗಂಡಸರು ತುಂಬಿದ್ದ ಹಾಲ್‌ನಲ್ಲಿ, ಬೀದಿಗೆ ಕಾಣುವ ಮೊದಲನೆಯ ಮೇಜಿನ ಹತ್ತಿರ ನಿಂತರು. ಅಲ್ಲಿ ಬೊಂಬೆ ಮಾಡುವ ಸಾಬರೊಬ್ಬರು ಕೂತಿದ್ದರು. ಬೆರಳಿನ ತುದಿಗಳಿಗೆಲ್ಲ ಅರಗಿನ ಕೆಂಪು ಹತ್ತಿತ್ತು. ಅವರು ನಮ್ಮಿಬ್ಬರ ಮುಖ ನೋಡಿ, ಮಾತಾಡದೆ ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟರು. ಹಾಲ್‌ನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಗಲ್ಲಾದಲ್ಲಿದ್ದ ಹೋಟೆಲಿನ ಭಟ್ಟರು ಎದ್ದು ನಿಂತು, ಹೆಂಗಸರಿಗೆ ಒಳಗೆ ವ್ಯವಸ್ಥೆ ಉಂಟಲ್ಲ ಮೇಡಂ ಎಂದು ಮೆಲ್ಲಗೆ ಹೇಳಿದರು.

"ಬಿಸಿ ಕಾಫಿ ಎಲ್ಲಿಗೆ ಬರುತ್ತೋ ಅಲ್ಲಿ ಕೂತ್ಕೋತೀವಿ ಭಟ್ರೇ," ಎಂದರು ಮೇಡಂ. "ಒಂದು ಬೈ ಟೂ."

ಬೈ ಟೂ ಅನ್ನುವುದು ಆಗ ಗಂಡಸರ ಮಾತು. ಇಬ್ಬರು ಸ್ನೇಹಿತರು ಒಂದು ಕಾಫಿ ತರಿಸಿ, ಎರಡು ಲೋಟಕ್ಕೆ ಹಂಚಿಕೊಂಡು, ಅದರ ನೆಪದಲ್ಲಿ ಗಂಟೆಗಟ್ಟಲೆ ಹರಟುವುದು. ಹೆಂಗಸರ ಬಾಯಲ್ಲಿ ಆ ಶಬ್ದ ಬಂದದ್ದನ್ನು ನಾನು ಕೇಳಿದ್ದು ಅವತ್ತೇ. ಬೀದಿಯಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದೆ. ಆದರೂ ಕುಳಿತೆ. ಎರಡು ಲೋಟ ಬಂದವು. ಮೇಡಂ ಎರಡನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಯಾವುದರಲ್ಲಿ ಕೂದಲೆಳೆಯಷ್ಟು ಹೆಚ್ಚಿದೆ ಎಂದು ನೋಡಿ, ಹೆಚ್ಚಿದ್ದದ್ದನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಳೆದವಳಿಗೆ ಕೂಲಿ ಬೇಡವೇನೇ ಎಂದು ನಕ್ಕರು. ಸೌಜನ್ಯಕ್ಕಾದರೂ ಒಂದು ದಿನ ಆ ಲೋಟವನ್ನು ನನ್ನ ಕಡೆ ತಳ್ಳಲಿಲ್ಲ ಮಾರಾಯರೆ, ಕೊನೆಯವರೆಗೂ.

ಊರು ಎಂದ ಮೇಲೆ ಸುದ್ದಿ ನಿಲ್ಲುತ್ತದೆಯೇ? ಸೋಮವಾರ ಆಡಳಿತ ಮಂಡಳಿಯ ಕಾರ್ಯದರ್ಶಿ ಕರೆಸಿದರು. ಟೀಚರುಗಳು ಬಸ್ ಸ್ಟ್ಯಾಂಡಿನಲ್ಲಿ ಗಂಡಸರ ನಡುವೆ ಕೂತರೆ ಮಕ್ಕಳನ್ನು ಯಾರು ಕಳಿಸುತ್ತಾರೆ, ಬೇಕಾದರೆ ಒಳಗೆ ಕೂತು ಕುಡಿಯಿರಿ ಎಂದು ಬುದ್ಧಿ ಹೇಳಿದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ಮುಂದಿನ ಶನಿವಾರ ಮತ್ತೆ ಅದೇ ಮೇಜಿಗೆ ಹೋದರು. ಆಮೇಲಿನ ಶನಿವಾರಗಳೂ ಅಷ್ಟೆ. ಕೆಲವು ವರ್ಷಗಳ ಮೇಲೆ ಹೆಡ್‌ಮಿಸ್ ಜಾಗ ಖಾಲಿಯಾದಾಗ ಸೀನಿಯಾರಿಟಿಯಲ್ಲಿ ಅವರ ಹೆಸರು ಮೊದಲಿತ್ತು. ಕೊಟ್ಟಿದ್ದು ಅವರಿಗಿಂತ ಚಿಕ್ಕವರಿಗೆ. ನಾನು ಸಂಕಟದಿಂದ, ಆ ಪರದೆ ಒಳಗೆ ಒಂದೆರಡು ಸಲ ಕೂತಿದ್ದರೆ ಏನು ಹೋಗುತ್ತಿತ್ತು ಮೇಡಂ ಎಂದೆ. ಅವರು ಲೋಟದ ತಳದಲ್ಲಿ ಉಳಿದ ನೊರೆಯನ್ನು ಅಲ್ಲಾಡಿಸುತ್ತ, "ಆ ಹೆಡ್‌ಮಿಸ್ ಕುರ್ಚಿನೂ ಒಂದು ಫ್ಯಾಮಿಲಿ ರೂಮೇ ಕಣೆ," ಎಂದರು. ಬೇಜಾರಾಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ದಿನ ಲೋಟಗಳನ್ನು ಎತ್ತಿ ಅಳೆಯಲಿಲ್ಲ.

ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೂ ಒಂದು ಕಾಫಿಯ ಕಥೆ ಇತ್ತು. ಅವರಣ್ಣ ಅದನ್ನು ಮಾನ ಹೋದ ಸಂಗತಿ ಎಂಬಂತೆ ಹೇಳುತ್ತಿದ್ದರು, ಇವರು ಪದಕ ಬಂದ ಸಂಗತಿ ಎಂಬಂತೆ. ಹೆಣ್ಣು ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟು, ಇವರೂ ಒಂದು ಕುರ್ಚಿ ಎಳೆದುಕೊಂಡು ಕೂತರಂತೆ. ಒಳಗೆ ಕಾಫಿ ಮುಗಿದಿತ್ತು. ಹುಡುಗನನ್ನು ನೋಡಿ, ಬೈ ಟೂ ಮಾಡೋಣವಾ ಎಂದು ಕೇಳಿದರಂತೆ. "ಅವನು ಅವರಮ್ಮನ ಮುಖ ನೋಡಿದ. ಅಲ್ಲಿಗೆ ಮುಗೀತು," ಎಂದು ಹೇಳಿ, ಪ್ರತಿ ಸಲವೂ ಮೊದಲ ಸಲ ಹೇಳುವಂತೆ ನಗುತ್ತಿದ್ದರು. ಹಂಚಿಕೊಂಡು ಕುಡಿಯದವನ ಜೊತೆ ಬದುಕುವುದು ಹೇಗೆ ಎಂಬುದು ಅವರ ಲೆಕ್ಕ. ಒಂದನ್ನು ಎರಡರಿಂದ ಭಾಗಿಸಿದರೆ ಪುಸ್ತಕದಲ್ಲಿ ಅರ್ಧ ಬರುತ್ತದೆ, ಹೋಟೆಲಿನಲ್ಲಿ ಎರಡು ಬರುತ್ತದೆ ಎಂದು ಎಂಟನೇ ಕ್ಲಾಸಿಗೆ ಪಾಠ ಮಾಡಿದವರು ಅವರು. ಅದಕ್ಕೂ ಒಂದು ದೂರು ಹೋಗಿತ್ತು.

ಇನ್ನು ರೆಸಾರ್ಟಿನ ಕಥೆ. ನಾವೆಲ್ಲ ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ, ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಹಳೇ ಸ್ಟಾಫನ್ನೆಲ್ಲ ಸೇರಿಸಿ ಎರಡು ದಿನ ರೆಸಾರ್ಟಿಗೆ ಕಳಿಸಿದಳು. ಮಗ್ಗಿ ತಪ್ಪಿ ಸ್ಕೇಲಿನ ಪೆಟ್ಟು ತಿಂದವಳೇ. ಏಳೆಂಟು ಜನ ಮುದುಕಿಯರು ಒಂದು ವ್ಯಾನಿನಲ್ಲಿ ರಾಮನಗರ, ಕನಕಪುರ ದಾಟಿ ಕೋಡಿಹಳ್ಳಿ ಕಡೆ ಹೊರಟೆವು. ರಾಮನಗರದ ಬೆಟ್ಟಗಳು ಕಾಣುತ್ತಲೇ ಮೇಡಂ, ಬಂಡೆ ನೋಡೋಕೆ ಅಷ್ಟು ದೂರ ಯಾಕೆ, ಇಲ್ಲೇ ಇಳಿಯೋಣ ಎಂದು ಶುರು ಮಾಡಿದರು. ಅಲ್ಲಿ ಹೋದರೆ ಬಂಡೆಯೂ ಇತ್ತು, ಹುಲ್ಲುಹಾಸೂ ಇತ್ತು, ನೀಲಿ ನೀರಿನ ಈಜುಕೊಳವೂ ಇತ್ತು. ಬಾಗಿಲಲ್ಲೇ ಎತ್ತರದ ಗಾಜಿನ ಲೋಟದಲ್ಲಿ ಹಸಿರು ಪಾನಕ ಕೊಟ್ಟು, ಕೈಗೆ ಕಾಗದದ ಪಟ್ಟಿ ಕಟ್ಟಿದರು. ಸಂತೆ ದನಕ್ಕೆ ಗುರುತು ಹಾಕುವ ಹಾಗೆ ಎಂದು ಮೇಡಂ ಗೊಣಗಿದರು. ಆದರೆ ಸಾಯಂಕಾಲ ಕೊಳದಲ್ಲಿ ಸೀರೆ ಮಂಡಿವರೆಗೆ ಎತ್ತಿಕೊಂಡು ಕಾಲು ಇಳಿಬಿಟ್ಟು ಕೂತವರೂ ಅವರೇ. ಸುಖ ಬಂದರೆ ಬೇಡ ಅನ್ನುವ ಜಾತಿಯಲ್ಲ.

ಎಡವಟ್ಟಾದದ್ದು ಕಾಫಿಯಲ್ಲಿ. ರೂಮಿನಲ್ಲಿ ಇಟ್ಟಿದ್ದ ಪುಡಿ ಪ್ಯಾಕೆಟ್ಟನ್ನು ಬಿಸಿನೀರಿಗೆ ಹಾಕಿ ಕದಡಿದರೆ ಕಂದು ಬಣ್ಣದ ನೀರಾಯಿತೇ ಹೊರತು ಕಾಫಿಯಾಗಲಿಲ್ಲ. ಊಟದ ಹಾಲ್‌ನಲ್ಲಿ ಒಂದು ಮಿಷನ್ ಇತ್ತು. ಗುಂಡಿ ಒತ್ತಿದರೆ ಗುರ್ ಎಂದು ನೊರೆ ಕಾರುತ್ತಿತ್ತು. ಮೇಡಂ ಮೂಸಿ ನೋಡಿ ಕೆಳಗಿಟ್ಟರು. ಸೂಟು ಹಾಕಿದ್ದ ಬಡಿಸುವ ಹುಡುಗನನ್ನು ಕರೆದು, ಬೇರೆ ಕಾಫಿ ಮಾಡಿಸಿ ಒಂದು ಬೈ ಟೂ ತಗೊಂಡು ಬಾ ಎಂದರು. ಅವನು ಎರಡು ದೊಡ್ಡ ಕಪ್ಪು ತುಂಬ ಅದೇ ಮಿಷನ್ ಕಾಫಿ ತಂದಿಟ್ಟ. ಎರಡು ಕೇಳಲಿಲ್ಲವಲ್ಲ ಎಂದರೆ, ಇದೆಲ್ಲ ಫ್ರೀ ಮೇಡಂ, ಹಂಚಿಕೊಳ್ಳುವುದು ಏಕೆ, ಎಷ್ಟು ಬೇಕಾದರೂ ಕುಡಿಯಿರಿ ಎಂದ.

"ಎಷ್ಟು ಬೇಕಾದರೂ ಇರುವ ಕಾಫಿ ಯಾರಿಗೆ ಬೇಕಪ್ಪ," ಎಂದರು ಮೇಡಂ. ಆ ರಾತ್ರಿ ಕಾಫಿ ಇಲ್ಲದೆ ತಲೆನೋವೆಂದು ಬೇಗ ಮಲಗಿಬಿಟ್ಟರು. ನನಗೆ ಪಾಪ ಅನ್ನಿಸಿತು. ಬರುವ ದಾರಿಯಲ್ಲಿ ಕನಕಪುರದಲ್ಲಿ ನಿಲ್ಲಿಸಿ ಒಂದು ಲೋಟ ಕುಡಿಸಬೇಕಿತ್ತು.

ಬೆಳಿಗ್ಗೆ ಇಬ್ಬರೂ ಹುಲ್ಲುಹಾಸಿನ ಮೇಲೆ ನಡೆಯುತ್ತಿದ್ದೆವು. ಮೇಡಂ ಇದ್ದಕ್ಕಿದ್ದಂತೆ ನಿಂತು ಮೂಗು ಅರಳಿಸಿದರು. ನನಗೂ ಬಂತು ಆ ವಾಸನೆ. ಹೊಸದಾಗಿ ಇಳಿದ ಡಿಕಾಕ್ಷನ್, ಕಾದ ಹಸುವಿನ ಹಾಲು. ಎಷ್ಟೋ ದೂರದಲ್ಲಿ ನಮ್ಮ ಕಡೆಯವರು ಯಾರೋ ಕರೆದ ಹಾಗಾಯಿತು. ವಾಸನೆ ಹಿಡಿದು ಅಡುಗೆಮನೆಯ ಹಿಂಭಾಗಕ್ಕೆ ಹೋದರೆ ಎತ್ತರದ ಬಿದಿರಿನ ತಟ್ಟಿ ಅಡ್ಡವಿತ್ತು. ಕೆಲಸಗಾರರಿಗೆ ಮಾತ್ರ, ಅತಿಥಿಗಳಿಗೆ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಬೋರ್ಡು. ಓದಲು ಬಾರದವರ ಹಾಗೆ ಮೇಡಂ ತಟ್ಟಿ ಸರಿಸಿ ಒಳಗೆ ನಡೆದರು.

ಒಳಗೆ ಪಾತ್ರೆ ತೊಳೆಯುವ ಸಿಮೆಂಟ್ ಕಟ್ಟೆ. ಅದರ ಪಕ್ಕ ಗ್ಯಾಸ್ ಒಲೆಯ ಮೇಲೆ ಅಲ್ಯೂಮಿನಿಯಂ ತಪ್ಪಲೆ. ಮಾಲಿ, ರೂಮು ಗುಡಿಸುವ ಹೆಂಗಸರು, ವಾಚ್‌ಮನ್ ಎಲ್ಲ ಕುಕ್ಕರುಗಾಲಿನಲ್ಲಿ ಕೂತು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಬಟ್ಟೆಯಲ್ಲಿ ಡಿಕಾಕ್ಷನ್ ಸೋಸುತ್ತಿದ್ದ ಹೆಂಗಸಿಗೆ ನಲವತ್ತು ದಾಟಿರಬಹುದು. ಚಿಕ್ಕತಾಯಮ್ಮ ಎಂದು ಹೆಸರು. ಪಾತ್ರೆ ತೊಳೆಯುವ ಕೆಲಸ. ಕೋಡಿಹಳ್ಳಿ ಹತ್ತಿರದ ಹಳ್ಳಿಯಿಂದ ಬರುವಾಗ ದಿನಾ ತನ್ನ ಮನೆಯ ಹಸುವಿನ ಹಾಲು ಕ್ಯಾನಿನಲ್ಲಿ ತಂದು ಜೊತೆಯವರಿಗೆಲ್ಲ ಕಾಫಿ ಮಾಡುತ್ತಿದ್ದಳು. ನಮ್ಮನ್ನು ನೋಡಿ ಗಾಬರಿಯಾದಳು.

"ಇಲ್ಲಿಗ್ ಬರ್ಬಾರ್ದು ಕಣವ್ವ. ಮ್ಯಾನೇಜ್ರು ನೋಡುದ್ರೆ ನನ್ನ ಮನೆಗ್ ಕಳುಸ್ಬುಡ್ತಾರೆ. ಮಗಳು ನರ್ಸಿಂಗ್ ಓದ್ತಾ ಅವ್ಳೆ, ಈ ಕೆಲ್ಸ ಬುಟ್ರೆ ಅದೂ ನಿಂತೋಯ್ತದೆ."

ಮೇಡಂ ಅಷ್ಟು ಹೊತ್ತಿಗೆ ಬೋರಲು ಹಾಕಿದ್ದ ತರಕಾರಿ ಕ್ರೇಟಿನ ಮೇಲೆ ಕೂತಾಗಿತ್ತು. ಒಸಿ ಕುಡಿದು ಎದ್ದು ಹೋಗುತ್ತೇವೆ ತಾಯಿ, ಒಂದು ಬೈ ಟೂ ಕೊಡು ಎಂದು ಬೇಡಿಕೊಂಡರು. ಅವರು ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಿಕ್ಕತಾಯಮ್ಮ ಯಾಕೆ, ಏನು ಎಂದು ಕೇಳಲಿಲ್ಲ. ಒಂದು ಲೋಟ ಬೆರೆಸಿ, ಎತ್ತಿ ಹುಯ್ದು ನೊರೆ ಬರಿಸಿ, ಎರಡಕ್ಕೆ ಹಂಚಿ ಕೊಟ್ಟಳು. ಮೇಡಂ ಎರಡನ್ನೂ ಎತ್ತಿ ಹಿಡಿದು ನೋಡಿ ಹೆಚ್ಚಿದ್ದದ್ದನ್ನು ಇಟ್ಟುಕೊಂಡರು. ಚಿಕ್ಕತಾಯಮ್ಮನಿಗೆ ಆ ಗಾಬರಿಯಲ್ಲೂ ನಗು ಬಂತು.

ಏನು ಹೇಳಲಿ ಆ ಕಾಫಿಯನ್ನು. ನಾಲಗೆಗೆ ಮೊದಲು ಕಹಿ, ಆಮೇಲೆ ಹಾಲಿನ ಸಿಹಿ, ಗಂಟಲಲ್ಲಿ ಇಳಿದ ಮೇಲೂ ಬಾಯಲ್ಲಿ ಉಳಿದ ಒಗರು. ಪುಡಿ ಕನಕಪುರದ ಅಂಗಡಿಯದು, ಕಣ್ಣೆದುರೇ ಬೀಸಿ ಕೊಡುತ್ತಾರಂತೆ. ಮೇಡಂ ಕಣ್ಣು ಮುಚ್ಚಿಕೊಂಡು ಗುಟುಕು ಗುಟುಕಾಗಿ ಕುಡಿದರು. ಎದುರಿಗೆ ಬಿಸಿಲು ಬೀಳುತ್ತಿದ್ದ ಬಂಡೆ, ಪಕ್ಕದಲ್ಲಿ ತೊಳೆದಿಟ್ಟ ತಟ್ಟೆಗಳು. ಆ ಎರಡು ದಿನದಲ್ಲಿ ನಮಗೆ ಸಿಕ್ಕ ರಜೆ ಅಂದರೆ ಅದೇ.

ಮಾರನೆಯ ಬೆಳಿಗ್ಗೆಯೂ ಹೋದೆವು. ನಾಲಗೆ ಕೇಳಬೇಕಲ್ಲ. ಲೋಟ ಕೈಗೆ ಬರುವುದಕ್ಕೂ ಮ್ಯಾನೇಜರು ತಟ್ಟಿಯ ಸಂದಿಯಿಂದ ತಲೆ ಹಾಕುವುದಕ್ಕೂ ಸರಿಹೋಯಿತು. ಟೈ ಕಟ್ಟಿದ್ದ ಚಿಕ್ಕ ವಯಸ್ಸಿನ ಮನುಷ್ಯ. ನಮಗೆ ಬಹಳ ಮರ್ಯಾದೆಯಿಂದ, ನೀವು ಇಲ್ಲಿ ಕೂರಬಾರದು ಮೇಡಂ, ಡೈನಿಂಗ್ ಹಾಲಿಗೆ ಬನ್ನಿ ಎಂದ. ಚಿಕ್ಕತಾಯಮ್ಮನ ಕಡೆ ತಿರುಗಿದಾಗ ಅದೇ ಬಾಯಿ ಬೇರೆಯಾಯಿತು. ಹೊರಗಿನ ಹಾಲು ಒಳಗೆ ತರಬಾರದೆಂದು ಹೇಳಿರಲಿಲ್ಲವೇ, ಗೆಸ್ಟಿಗೆ ಹೊಟ್ಟೆ ಕೆಟ್ಟರೆ ಯಾರು ಜವಾಬ್ದಾರಿ, ನಾಳೆಯಿಂದ ನೀನು ಬರಬೇಡ ಎಂದ. ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಅಳಲಿಲ್ಲ. ಮಗಳ ಪರೀಕ್ಷೆ ಹತ್ತಿರ ಇದೆ ಸಾ ಎಂದು ಮಾತ್ರ ಹೇಳಿದಳು.

ಆಕೆ ನಮ್ಮನ್ನು ಕರೆದಿಲ್ಲ, ನಾವೇ ನುಗ್ಗಿದ್ದು, ಕಳಿಸುವುದಾದರೆ ನಮ್ಮನ್ನು ಕಳಿಸಿ ಎಂದು ಮೇಡಂ ಹೇಳಿದರು. ನನ್ನ ಹೊಟ್ಟೆಗೆ ನಾನೇ ಜವಾಬ್ದಾರಿ ಎಂದೂ ಹೇಳಿದರು. ಅವನು ರೂಲ್ಸ್ ಎಂದ. ನಾನು ಮೇಡಂ ಕೈ ಜಗ್ಗಿ, ತಪ್ಪಾಯಿತು ಎಂದು ಒಂದು ಮಾತು ಹೇಳಿ ಮುಗಿಸೋಣ, ಪಾಪದವಳ ಕೆಲಸ ಉಳಿಯಲಿ ಎಂದೆ. ಅವರು ನನ್ನನ್ನೇ ದುರುಗುಟ್ಟಿ ನೋಡಿದರು.

"ತಪ್ಪಾಗಿರೋದು ಒಂದೇ ಕಣೆ. ಮರೆಯಲ್ಲಿ ಕೂತು ಕುಡಿದೆವು ನೋಡು, ಅದು."

ಎದ್ದರು. ಸೆರಗನ್ನು ಎರಡು ಕೈಗೂ ಸುತ್ತಿಕೊಂಡು ಕಾಫಿಯ ತಪ್ಪಲೆಯನ್ನು ಕಿವಿ ಹಿಡಿದು ಎತ್ತಿದರು. ಎಪ್ಪತ್ತು ದಾಟಿದ ಹೆಂಗಸು, ಬಿಸಿ ತಪ್ಪಲೆ. ಮ್ಯಾನೇಜರು ಹೆದರಿ ದಾರಿ ಬಿಟ್ಟ. ತಟ್ಟಿಯನ್ನು ಭುಜದಿಂದ ತಳ್ಳಿಕೊಂಡು ಹುಲ್ಲುಹಾಸಿನ ನಡುವೆ ನಡೆದರು. ಅವರ ಹಿಂದೆ ಚಿಕ್ಕತಾಯಮ್ಮ, ಬ್ಯಾಡಿ ಮೇಡಮ್ನೋರೆ ಎನ್ನುತ್ತ. ಅವಳ ಹಿಂದೆ ಲೋಟಗಳ ಬುಟ್ಟಿ ಹೊತ್ತ ನಾನು. ಸುಮ್ಮನೆ ಹೇಳುತ್ತಿಲ್ಲ, ನನಗೆ ಭಯವೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಊಟದ ಹಾಲ್‌ನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಜನವೆಲ್ಲ ತಲೆ ಎತ್ತಿದರು. ಮೇಡಂ ತಪ್ಪಲೆಯನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಆ ಮಿಷನ್ನಿನ ಪಕ್ಕದಲ್ಲೇ ಕುಕ್ಕಿ, ಕ್ಲಾಸಿನ ಗಂಟಲಿನಲ್ಲಿ ಹೇಳಿದರು:

"ಇವರು ಚಿಕ್ಕತಾಯಮ್ಮ. ಇದು ಇವರ ಮನೆ ಹಸುವಿನ ಹಾಲಿನ ಕಾಫಿ. ಇದನ್ನ ಮಾಡಿದ್ದಕ್ಕೆ ಇವರನ್ನ ಕೆಲಸದಿಂದ ತೆಗೀತಾರಂತೆ. ಬೇಕಾದವರು ಬಂದು ಹಂಚಿಕೊಂಡು ಕುಡೀರಿ."

ಮೊದಲು ಎದ್ದವರು ನಮ್ಮ ಹಳೇ ಟೀಚರುಗಳು. ಮೇಡಂ ಗಂಟಲಿಗೆ ಏಳದೆ ಇರುವ ಅಭ್ಯಾಸ ಯಾರಿಗೂ ಇರಲಿಲ್ಲ. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಸಂಸಾರದ ಅಜ್ಜ ಒಬ್ಬರು ವಾಸನೆಗೆ ಎದ್ದು ಬಂದರು. ಸೊಸೆ ಬಂದಳು. ಚಿಕ್ಕತಾಯಮ್ಮ ತಲೆ ಬಗ್ಗಿಸಿಕೊಂಡೇ ಹುಯ್ಯತೊಡಗಿದಳು. ಲೋಟ ಸಾಲದೆ ಗುರುತಿಲ್ಲದವರು ಇಬ್ಬಿಬ್ಬರು ಸೇರಿ ಒಂದನ್ನು ಹಂಚಿಕೊಂಡರು. ಅಜ್ಜ ಮ್ಯಾನೇಜರನ್ನು ಕರೆದು, ನಿನ್ನೆ ಈ ಕಾಫಿಯನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಜೋರು ಮಾಡಿದರು. ಅಷ್ಟು ಜನರೆದುರು ಅವನೇನು ಮಾಡಿಯಾನು, ಮುಖದ ಮೇಲೆ ನಗು ತಂದುಕೊಂಡು ನಿಂತ. ಹೊರಡುವ ಮೊದಲು ಮೇಡಂ ಅವನಿಂದ, ಆಕೆಯನ್ನು ತೆಗೆಯುವುದಿಲ್ಲ ಎಂಬ ಮಾತನ್ನು ನಮ್ಮೆಲ್ಲರ ಮುಂದೆ ಎರಡು ಸಲ ಹೇಳಿಸಿದರು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ.

ಕೆಲಸ ಉಳಿಯಿತು. ಆದರೆ ಜಾಣರು ನೋಡಿ ರೆಸಾರ್ಟಿನವರು. ಸ್ವಲ್ಪ ದಿನದಲ್ಲೇ ಅದೇ ಊಟದ ಹಾಲ್‌ನ ಮೂಲೆಯಲ್ಲಿ 'ಹಳ್ಳಿ ಕಾಫಿ' ಎಂದು ಬೋರ್ಡು ಹಾಕಿ, ಹಿತ್ತಾಳೆ ಹಂಡೆ ಇಟ್ಟು, ಸೂಟಿನ ಹುಡುಗನಿಗೆ ಪೇಟ ಸುತ್ತಿ ನಿಲ್ಲಿಸಿದರಂತೆ. ಕಾಫಿ ಮಾಡುವವಳು ತಟ್ಟಿಯ ಹಿಂದೆಯೇ. ಚಿಕ್ಕತಾಯಮ್ಮ ಫೋನಿನಲ್ಲಿ ಇದನ್ನು ನಗುತ್ತಲೇ ಹೇಳಿದಳು, ಮೇಡಂ ಹಲ್ಲು ಕಚ್ಚಿಕೊಂಡು ಕೇಳಿದರು. ಮಾಡೋಳು ಒಳಗೆ, ಹುಯ್ಯೋನು ಹೊರಗೆ, ಯಾವ ಸೀಮೆ ನ್ಯಾಯ ಎಂದು ಒಂದು ವಾರ ನನ್ನ ಕಿವಿ ತಿಂದರು. ಮತ್ತೊಮ್ಮೆ ಹೋಗಿ ಜಗಳವಾಡೋಣ ಎಂದರು. ಚಿಕ್ಕತಾಯಮ್ಮ ಮಗಳ ಓದು ಮುಗಿಯುವವರೆಗೆ ಬೇಡ ಎಂದು ಅಂಗಲಾಚಿದಳು. ಮೇಡಂ ಅದೊಂದು ವಿಷಯದಲ್ಲಿ ತಗ್ಗಿದರು, ಆಕೆಯ ಮಾತಿಗೆ. ಬದಲಿಗೆ ತಿಂಗಳಿಗೊಮ್ಮೆ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿ ಅವಳ ಹಳ್ಳಿಗೆ ಹೋಗುತ್ತಿದ್ದರು. ಬೀದಿಗೆ ಕಾಣುವ ಜಗಲಿಯ ಮೇಲೆ ಚಿಕ್ಕತಾಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಜೊತೆಗೇ ಬೈ ಟೂ. ನನಗೆ ಬೇರೆ ಲೋಟ. ಹೊಟ್ಟೆಕಿಚ್ಚು ಆಗುತ್ತಿತ್ತು. ಹೆಚ್ಚಿದ್ದ ಲೋಟ ಅಲ್ಲೂ ಮೇಡಮ್ಮಿಗೇ. ಅವಳು ಮೊದಮೊದಲು ಎದ್ದು ಎದ್ದು ಒಳಗೆ ಹೋಗುತ್ತಿದ್ದಳು, ಊರವರು ನೋಡುತ್ತಾರೆ ಎಂದು. ಬರಬರುತ್ತ ಕೂರುವುದನ್ನು ಕಲಿತಳು.

ಮಗಳ ಓದು ಮುಗಿದು ಕೆಲಸ ಸಿಕ್ಕ ಸುದ್ದಿ ಬಂದ ಮೇಲೆ ಮೇಡಂ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆಯಲಿಲ್ಲ, ಅಷ್ಟೆ. ನಾನು ಅತ್ತಿದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು, ಹೇಳದೆ ಕೇಳದೆ ಹೋದರಲ್ಲ ಎಂದು.

ಹನ್ನೊಂದನೆಯ ದಿನ ಅವರಣ್ಣನ ಮನೆಗೆ ಹೋದಾಗ ಚಿಕ್ಕತಾಯಮ್ಮ ನನಗಿಂತ ಮೊದಲೇ ಬಂದು ಹಿತ್ತಲ ಕಡೆ, ಅಡುಗೆಯವರ ಹತ್ತಿರ ಕೂತಿದ್ದಳು. ಕೈಯಲ್ಲಿ ಹಾಲಿನ ಕ್ಯಾನು ಹಾಗೇ ಇತ್ತು. ಎಡೆಯ ಕಾಫಿಗೆ ಎಂದು ತಂದಿದ್ದಳಂತೆ, ಅಡುಗೆಯವರು ನಮ್ಮಲ್ಲೇ ಇದೆ ಬಿಡಮ್ಮ ಎಂದರಂತೆ. ಒಳಕೋಣೆಯಲ್ಲಿ ಎಲೆಯ ತುಂಬ ಮುದ್ದೆ, ಕೋಳಿ ಸಾರು, ಒಡೆ, ಪಾಯಸ. ಫೋಟೋದ ಪಕ್ಕದಲ್ಲಿ ಬೆಳ್ಳಿ ಲೋಟ ಕಂಠಮಟ್ಟ ತುಂಬಿದ ಕಾಫಿ. ನಾನು ಬಗ್ಗಿ ಮೂಸಿ ನೋಡಿದೆ. ಪ್ಯಾಕೆಟ್ಟಿನ ಪುಡಿ ಕದಡಿದ್ದು. ಅಣ್ಣನವರು, ಎಲ್ಲಾ ಈಚೆಗೆ ಬನ್ನಿ, ಅವಳು ಒಬ್ಬಳೇ ಉಣ್ಣಲಿ ಎಂದು ಬಾಗಿಲೆಳೆದು, ಅದರ ಮೇಲೆ ಪರದೆಯನ್ನೂ ಇಳಿಬಿಟ್ಟರು.

ತುಂಬಿದ ಲೋಟ, ಒಬ್ಬಳೇ, ಪರದೆಯ ಹಿಂದೆ. ಬದುಕಿಡೀ ಆಕೆ ಬೇಡ ಬೇಡ ಎಂದದ್ದನ್ನೆಲ್ಲ ಒಟ್ಟಿಗೆ ಕೊಟ್ಟಿದ್ದರು. ಆ ಕೋಣೆಗೆ ಅವರು ಬಂದಿರಲಿಕ್ಕೇ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಹಿತ್ತಲಿಗೆ ಹೋಗಿ ಚಿಕ್ಕತಾಯಮ್ಮನ ಕೈ ಹಿಡಿದು ಎಬ್ಬಿಸಿದೆ. ಎಡೆ ಇಟ್ಟ ಮನೆಯಿಂದ ಉಣ್ಣದೆ ಎದ್ದು ಹೋಗಬಾರದು ಎಂದು ಅಣ್ಣನವರು ಬಾಗಿಲಿಗೆ ಅಡ್ಡ ಬಂದರು. "ಊಟಕ್ಕೆ ಬರ್ತೀವಿ," ಎಂದೆ, "ನಿಮ್ಮ ತಂಗಿ ಜೊತೆ ಕಾಫಿ ಕುಡಿದು ಬರ್ತೀವಿ." ಅವರು ಬಾಯಿ ತೆರೆಯುವಷ್ಟರಲ್ಲಿ ನಾವು ಬೀದಿಯಲ್ಲಿದ್ದೆವು.

ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲು ಈಗ ಭಟ್ಟರ ಮೊಮ್ಮಗನದು. ಮೇಜು ಹೊಸವು. ಫ್ಯಾಮಿಲಿ ರೂಮಿನ ಹಸಿರು ಪರದೆ ಹೋಗಿ ಕಪ್ಪು ಗಾಜಿನ ಬಾಗಿಲು ಬಂದಿದೆ. ಮುಂದಿನ ಮೇಜುಗಳಲ್ಲಿ ಎಂದಿನಂತೆ ಗಂಡಸರು. ಬೀದಿಗೆ ಕಾಣುವ ಮೊದಲನೆಯ ಮೇಜು ಖಾಲಿ ಇತ್ತು. ಮೀಸೆ ನರೆತ ಸಪ್ಲೈಯರ್ ಒಬ್ಬ ಬಂದು, ಒಳಗೆ ಎ.ಸಿ. ಐತೆ, ಲೇಡೀಸು ಅಲ್ಲಿ ಕೂತ್ಕಳಿ ಎಂದ. ನಾನು ಬಾಯಿ ತೆಗೆಯುವುದರೊಳಗೆ ಚಿಕ್ಕತಾಯಮ್ಮ ಹಾಲಿನ ಕ್ಯಾನನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡಳು.

"ಇಲ್ಲೇ ಕೂತ್ಕತೀವಿ. ಒಂದು ಬೈ ಟೂ ತಕ್ಕಂಬಾ."

ಬಂತು. ಅವಳು ಎರಡು ಲೋಟವನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದಳು. ಹೆಚ್ಚಿದ್ದದ್ದನ್ನು ತನ್ನ ಕಡೆಗೆ ಎಳೆದುಕೊಂಡಳು.